ಬೂಟಿನ ಡಬ್ಬಿಯೊಳಗಿನ ಸೂರ್ಯ

ರಾತ್ರಿ ದೀಪ ಆರಿಸಿದ ಮೇಲೆ ಅಡುಗೆಮನೆಯಲ್ಲಿ ‘ಟಪ್’ ಎಂದು ಒಂದು ಸಣ್ಣ ಸದ್ದಾಯಿತು. ಬೇರೆಯವರಾಗಿದ್ದರೆ ಮಗ್ಗುಲು ಬದಲಿಸಿ ಮಲಗುತ್ತಿದ್ದರು. ಆದರೆ ಕೇಳಿಸಿದ್ದು ಹುಷಾರಮ್ಮನಿಗೆ.

“ರೀ, ಏನದು?”

“ಏನಿಲ್ಲ ಕಣೇ, ನೀರು ಕುಡಿಯೋಕೆ ಬಂದೆ. ನೀನು ಮಲಗು,” ಎಂದಿತು ಕತ್ತಲೊಳಗಿಂದ ಗಂಡನ ದನಿ. ಅವನು ಪಾರ್ಸಲ್ ಆಫೀಸಿನ ನೌಕರ. ಟೇಪು ಕೀಳಲೆಂದೇ ಬಲಗೈ ಹೆಬ್ಬೆರಳಿನ ಉಗುರನ್ನು ಸಾಕಿ ಬೆಳೆಸಿದ್ದ.

ಅವಳು ಮಲಗಲಿಲ್ಲ. ಎದ್ದು ಹೋಗಿ ಗ್ಯಾಸ್ ನೋಡಿದಳು, ಬಾಗಿಲ ಚಿಲಕ ನೋಡಿದಳು, ಮೇಜಿನ ಮೇಲೆ ಕಪ್ಪು ಬಟ್ಟೆ ಸುತ್ತಿಟ್ಟಿದ್ದ ಬೂಟಿನ ಡಬ್ಬಿಯನ್ನು ತಡವಿದಳು. ಎಲ್ಲ ಇದ್ದಲ್ಲೇ ಇತ್ತು.

ಹುಷಾರಮ್ಮ ಅವಳ ಹೆಸರಲ್ಲ. ಅವಳು ಕೆಲಸ ಮಾಡುವ ಚಪ್ಪಲಿ ಅಂಗಡಿಯವರು ಅಂಟಿಸಿದ್ದು. ಶಟರಿನ ಬೀಗವನ್ನು ಮೂರು ಸಲ ಜಗ್ಗಿ ನೋಡಿ, ಬಸ್ ನಿಲ್ದಾಣದಿಂದ ವಾಪಸು ಬಂದು ನಾಲ್ಕನೇ ಸಲ ಜಗ್ಗುವವಳನ್ನು ಇನ್ನೇನೆಂದು ಕರೆಯುತ್ತಾರೆ? ಅವಳಿಗೆ ಮಾತ್ರ ಆ ಹೆಸರು ಹೊಸ ಬೂಟಿನ ಹಿಮ್ಮಡಿಯಂತೆ ಕಚ್ಚುತ್ತಿತ್ತು.

ಆದ್ದರಿಂದಲೇ, ಗ್ರಹಣದ ಹೊತ್ತಿಗೆ ಶಟರ್ ಎಳೆದು ಎಲ್ಲರೂ ಒಳಗಿರಬೇಕೆಂದು ಯಜಮಾನರು ಹೇಳಿದಾಗ, “ನಾನು ನೋಡ್ತೀನಿ” ಎಂದುಬಿಟ್ಟಿದ್ದಳು.

ಕ್ಯಾಷಿಯರ್ ಬಿದ್ದು ಬಿದ್ದು ನಕ್ಕಿದ್ದ. “ಜಿರಲೆ ಕಂಡ್ರೆ ಸ್ಟೂಲ್ ಹತ್ತೋರು ಸೂರ್ಯನ್ನ ನೋಡ್ತಾರಂತೆ!”

“ನೋಡ್ತೀನಿ, ನಿಮಗೂ ತೋರಿಸ್ತೀನಿ. ಯಾರ ಕಣ್ಣಿಗೂ ಏನೂ ಆಗಲ್ಲ. ಆಮೇಲೆ ಒಬ್ರೂ ನನ್ನನ್ನ ಹುಷಾರಮ್ಮ ಅನ್ನಕೂಡದು.”

“ತೋರಿಸದೇ ಹೋದ್ರೆ?”

“ಸಾಯೋವರೆಗೂ ಹಾಗೇ ಕರೀರಿ. ಓಗೊಡ್ತೀನಿ.”

ಡಬ್ಬಿಯ ಉಪಾಯ ಸರಳ. ಒಂದು ತುದಿಗೆ ಬೆಳ್ಳಿ ಬಣ್ಣದ ಹಾಳೆ, ಅದರಲ್ಲಿ ಸೂಜಿಮೊನೆಯಷ್ಟು ತೂತು. ಇನ್ನೊಂದು ತುದಿಯ ಒಳಗೆ ಬಿಳಿ ಕಾಗದ. ಮುಚ್ಚಳದಲ್ಲಿ ಇಣುಕುವ ಕಿಂಡಿ. ಸೂರ್ಯನಿಗೆ ಬೆನ್ನು ಹಾಕಿ, ಡಬ್ಬಿಯ ತೂತಿನ ತುದಿಯನ್ನು ಹೆಗಲಾಚೆ ಚಾಚಿ ನಿಂತರೆ ಸೂರ್ಯನ ಬಿಂಬ ಬಿಳಿ ಕಾಗದದ ಮೇಲೆ ಬೀಳುತ್ತದೆ. ತೂತು ಮಾತ್ರ ಸಣ್ಣದಿರಬೇಕು. ದೊಡ್ಡದಾದರೆ ಸೂರ್ಯನ ಬದಲು ತೂತಿನ ಆಕಾರವೇ ಬೀಳುತ್ತದೆ. ಸೂರ್ಯನಿಗೆ ಬೆನ್ನು ತಿರುಗಿಸಿಯೇ ಸೂರ್ಯನನ್ನು ನೋಡುವ ಈ ವಿದ್ಯೆಯನ್ನು ತನ್ನಂಥವಳೇ ಯಾರೋ ಕಂಡುಹಿಡಿದಿರಬೇಕು ಎಂದು ಅವಳಿಗೆ ಅನ್ನಿಸಿತ್ತು.

ಮರುದಿನ ಅಂಗಡಿಯಲ್ಲಿ ಮೊದಲ ಗಿರಾಕಿಯೇ ತಂಟೆ ತೆಗೆದರು.

“ಆ ಕಪ್ಪು ಬಟ್ಟೆಯೊಳಗಿರೋ ಜೋಡಿ ತೆಗೀರಿ.”

“ಅದು ಮಾರೋಕಲ್ಲ ಸಾರ್.”

“ಬಚ್ಚಿಟ್ಟಿದ್ದೀರಿ ಅಂದ್ಮೇಲೆ ಒಳ್ಳೇ ಮಾಲೇ ಇರಬೇಕು. ತೋರಿಸ್ರಿ!”

ಅವಳು ಡಬ್ಬಿಯನ್ನು ಹಸುಗೂಸಿನಂತೆ ಅವುಚಿಕೊಂಡಳು. ಗಿರಾಕಿ ಸಿಟ್ಟಿನಿಂದ ಹೊರಟುಹೋದರು. “ಗ್ರಹಣ ಇನ್ನೂ ಹಿಡೀಲಿಲ್ಲ, ಆಗಲೇ ವ್ಯಾಪಾರಕ್ಕೆ ಹಿಡೀತು,” ಎಂದು ಯಜಮಾನರು ಗೊಣಗಿದರು.

ಗ್ರಹಣದ ಹೊತ್ತಾಗುತ್ತಲೇ ಅವಳು ಅರ್ಧ ಎಳೆದ ಶಟರಿನಡಿ ನುಸುಳಿ ಹೊರಬಂದಳು. ಮರದ ಕೆಳಗೆ ಪಕ್ಕದಂಗಡಿಯ ದರ್ಜಿ ಎಕ್ಸ್‌ರೇ ಫಿಲ್ಮೊಂದನ್ನು ಕಣ್ಣಿಗೆ ಹಿಡಿದು ಇನ್ನೇನು ತಲೆಯೆತ್ತಲಿದ್ದ. ಅವಳು ಹಾರಿ ಕಿತ್ತುಕೊಂಡಳು.

“ಅಯ್ಯೋ, ಅದು ನಮ್ಮ ಮಾವನ ಎದೆ ಕಣಮ್ಮಾ!”

“ಅವರ ಎದೆ ಗಟ್ಟಿ ಇರಬಹುದು, ನಿಮ್ಮ ಕಣ್ಣು ಗಟ್ಟಿ ಅಲ್ಲ. ಫಿಲ್ಮು, ಕೂಲಿಂಗ್ ಗ್ಲಾಸು, ಯಾವುದೂ ತಡೆಯಲ್ಲ. ಬೆನ್ನು ತಿರುಗಿಸಿ ನಿಲ್ಲಿ.”

ಬಿಸಿಲಿಗೆ ಬಂದು, ಬೆನ್ನು ಹಾಕಿ, ಡಬ್ಬಿಯನ್ನು ಹೆಗಲೇರಿಸಿ, ಹಿಂದಕ್ಕೆ ಕೈಚಾಚಿ ತಡಕಾಡಿ ಕಪ್ಪು ಬಟ್ಟೆ ಎಳೆದಳು. ಸೂರ್ಯನತ್ತ ಅಪ್ಪಿತಪ್ಪಿಯೂ ತಿರುಗಲಿಲ್ಲ. ಕಿಂಡಿಗೆ ಕಣ್ಣಿಟ್ಟಳು.

ಬಿಳಿ ಕಾಗದದ ಮೇಲೆ ಥಳಥಳ ಹೊಳೆಯುವ ಕುಡುಗೋಲು!

“ಬನ್ರಿ, ಯಾರ್ಯಾರು ನಗ್ತಿದ್ರೋ ಎಲ್ಲಾ ಬನ್ರಿ!” ಅವಳ ಕೂಗು ರಸ್ತೆಯಾಚೆಗೂ ಮುಟ್ಟಿತು. ಕ್ಯಾಷಿಯರ್ ಇಣುಕಿ ಬಾಯಿ ಬಿಟ್ಟ. ಯಜಮಾನರು ಮೊದಲು ಒಂದೇ ಕಣ್ಣಲ್ಲಿ ನೋಡಿದರು, ಹೋದರೆ ಒಂದೇ ಹೋಗಲಿ ಎಂದು. ಆಮೇಲೆ ಎರಡರಲ್ಲೂ ನೋಡಿದರು. ದರ್ಜಿ ಮಾತ್ರ ಎರಡೆರಡು ಸಲ ನೋಡಿ ಹುಬ್ಬು ಗಂಟಿಕ್ಕಿದ.

“ಕದಲ್ತಾನೇ ಇಲ್ವಲ್ಲ?”

“ಆಕಾಶದ ಕೆಲಸ ಅದು. ನೀವು ಒಂದು ಕುಪ್ಪಸಕ್ಕೆ ತಿಂಗಳು ತಗೊಳಲ್ವಾ?”

“ಇಲ್ನೋಡಿ, ಮರದ ಕೆಳಗೆ ನೆಲದ ತುಂಬ ಏನೋ ಮೀನಿನ ಹುರುಪೆ ಥರಾ...”

“ಸೂರ್ಯನ್ನ ತೋರಿಸಿದ್ರೆ ನೆಲ ನೋಡ್ತೀರಲ್ಲ, ಎಂಥೋರು ನೀವು! ಸಾಕು, ಮುಂದಿನೋರಿಗೆ ಬಿಡಿ.”

ದರ್ಜಿ ಪಕ್ಕಕ್ಕೆ ಸರಿದ. ಎಲ್ಲರ ಕಣ್ಣೂ ನೆಟ್ಟಗಿದ್ದವು. ಕ್ಯಾಷಿಯರ್ ಎದೆಯ ಮೇಲೆ ಕೈಯಿಟ್ಟು ತಲೆಬಾಗಿದ. “ತಪ್ಪಾಯ್ತು, ಮೇಡಂ.”

ಮೇಡಂ! ಅವಳಿಗೆ ನೆಲ ಅರ್ಧ ಅಡಿ ಕೆಳಗಿಳಿದಂತಾಯಿತು.

ಮಧ್ಯಾಹ್ನ ಶಟರ್ ಮೇಲೇರಿತು. ಗ್ರಹಣ ಬಿಟ್ಟು ಬಹಳ ಹೊತ್ತಾಯಿತೆಂದು ರೇಡಿಯೊ ಹೇಳುತ್ತಿತ್ತು. ದುಂಡಗೆ ತುಂಬಿದ ಸೂರ್ಯನನ್ನೂ ಒಮ್ಮೆ ನೋಡೋಣವೆಂದು ಅವಳು ಡಬ್ಬಿ ಹಿಡಿದು ಹಿತ್ತಲಿಗೆ ಹೋದಳು. ಬೆನ್ನು ಹಾಕಿದಳು, ಇಣುಕಿದಳು.

ಕುಡುಗೋಲು.

ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಅದೇ ಕುಡುಗೋಲು, ಕೂದಲೆಳೆಯಷ್ಟೂ ಕದಲದೆ.

ನೆರಳಿಗೆ ಬಂದು ಡಬ್ಬಿಯನ್ನು ಮೊದಲ ಸಲ ತಿರುಗಿಸಿದಳು. ಮುಚ್ಚಳ, ಅಂಟು, ಟೇಪು ಎಲ್ಲವನ್ನೂ ಮೂರು ಮೂರು ಸಲ ಪರೀಕ್ಷಿಸಿದ್ದಳು. ತೂತನ್ನು ಮಾತ್ರ ತಾನೇ ಮಾಡಿದ್ದೆಂದು ಬಿಟ್ಟಿದ್ದಳು. ಬೆಳ್ಳಿ ಹಾಳೆಯಲ್ಲಿ ಸೂಜಿಯ ತೂತು ಕಾಣಲಿಲ್ಲ. ಅದಿದ್ದ ಜಾಗವನ್ನೇ ನುಂಗಿಕೊಂಡು, ಹೆಬ್ಬೆರಳಿನ ಉಗುರು ಒತ್ತಿದಂಥ ಒಂದು ಬಾಗಿದ ಸೀಳಿತ್ತು.

‘ಟಪ್.’

ಹಾಗಾದರೆ ದರ್ಜಿ ಕಂಡ ಹುರುಪೆಗಳು? ಎಲೆಗಳ ಸಂದಿಯ ಸಣ್ಣ ಸಣ್ಣ ತೂತುಗಳಿಂದ ತೂರಿ ಬಂದ, ನಿಜವಾಗಿ ಗ್ರಹಣ ಹಿಡಿದ ಸೂರ್ಯರು! ನೆಲದ ತುಂಬ ಚೆಲ್ಲಿದ್ದರು. ಅವರನ್ನೆಲ್ಲ ತುಳಿದುಕೊಂಡು ಇಡೀ ಅಂಗಡಿ ತನ್ನ ಗಂಡನ ಉಗುರು ನೋಡಲು ಸಾಲು ನಿಂತಿತ್ತು. ಕಣ್ಣಿಗೆ ಏನೂ ಆಗಲಿಲ್ಲ, ನಿಜ. ನೋಡದವರ ಕಣ್ಣಿಗೆ ಆಗುವುದಾದರೂ ಏನು?

“ಮೇಡಂ!” ಒಳಗಿಂದ ಯಜಮಾನರ ಕೂಗು. “ಮುಂದಿನ ಗ್ರಹಣಕ್ಕೆ ಫ್ರಿಜ್ಜಿನ ಡಬ್ಬಿ ತರಿಸ್ತೀನಿ, ಇಡೀ ಬೀದಿಗೇ ನೀವೇ ತೋರಿಸಬೇಕು! ಆ ಡಬ್ಬಿ ತನ್ನಿ, ಹೊರಗೆ ಬಿಸಿಲಲ್ಲೇ ಇಡೋಣ, ಜನ ನೋಡ್ಲಿ.”

ಅವಳು ಬೆಳ್ಳಿ ಹಾಳೆಯೊಳಗೆ ಐದೂ ಬೆರಳು ತೂರಿಸಿ ಪರ್ರನೆ ಹರಿದಳು. “ಅಯ್ಯೋ, ಹರಿದುಹೋಯ್ತು ಸಾರ್!”

ರಾತ್ರಿ ಗಂಡ ಎಡಗೈಯಲ್ಲಿ ನೀರಿನ ಲೋಟ ಹಿಡಿದು, ಬಲಗೈಯನ್ನು ಮೇಜಿನಡಿ ಇಟ್ಟುಕೊಂಡು ಕೇಳಿದ. “ಏನೇ, ಕಂಡಿತಾ?”

“ಕಂಡಿತು. ಒಂದು ಉಗುರಿನಷ್ಟು.”

ಅವನಿಗೆ ನೀರು ನೆತ್ತಿಗೇರಿತು.

ಅವಳು ದೀಪ ಆರಿಸಿ ಮಲಗಿದಳು. ಹುಷಾರಮ್ಮ ಎಂಬ ಹೆಸರು ಹೋಗಿತ್ತು, ಅದನ್ನು ವಾಪಸು ತರಲು ಅವಳೇನೂ ಹೋಗುವವಳಲ್ಲ. ಕ್ಯಾಷಿಯರಿಗಾಗಲಿ, ದರ್ಜಿಗಾಗಲಿ, ಪಕ್ಕದಲ್ಲಿ ಸುಳ್ಳು ಗೊರಕೆ ಹೊಡೆಯುತ್ತಿದ್ದವನಿಗಾಗಲಿ, ಈ ಸಂಗತಿಯನ್ನು ಯಾರಿಗೂ ಹೇಳಬಾರದೆಂದು ನಿರ್ಧರಿಸಿದಳು.

ಆಮೇಲೆ, ನಿರ್ಧಾರ ಗಟ್ಟಿಯಾಗಿದೆಯೇ ಎಂದು ಇನ್ನೂ ಮೂರು ಸಲ ಜಗ್ಗಿ ನೋಡಿದಳು.