ಜರಡಿಯಪ್ಪನವರು ಆಚೆ ಎಸೆದ ಕಸ

ಎಲ್ಲದಕ್ಕೂ ಮೂಲ ಒಂದು "ಹೂಂ".

ಹಿಂದಿನ ರಾತ್ರಿ ಹೆಂಡತಿ ಏನೋ ಹೇಳಿದರು. ಜರಡಿಯಪ್ಪನವರು ಪರದೆಯಿಂದ ಕಣ್ಣು ಕೀಳದೆ "ಹೂಂ" ಅಂದರು. ಆಕೆ ಮತ್ತೆ ಹೇಳಿದರು, ಇವರು ಮತ್ತೆ "ಹೂಂ" ಅಂದರು. ಮೂರನೆಯ ಸಲ ಆಕೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಹೇಳಿದಾಗ, ಇರಲಿ ಪಾಪ ಎಂದು "ಹೂಂ ಹೂಂ" ಎಂದು ಒಂದು ಹೆಚ್ಚಿಗೆಯೇ ಅಂದರು. ಆಕೆ ಹೇಳಿದ್ದೇನು ಎಂದು ಕೇಳಿದ್ದರೆ ಮಾತ್ರ ದೇವರಾಣೆಗೂ ಅವರಿಗೆ ಗೊತ್ತಿರಲಿಲ್ಲ.

ಹಾಗಂತ ಅವರನ್ನು ಹಗುರವಾಗಿ ಕಾಣಬೇಡಿ. ಹೊಟ್ಟೆಪಾಡಿಗೆ ಕನ್ನಡಕದಂಗಡಿ ಇಟ್ಟಿದ್ದರೂ ಅವರ ಜೀವವೆಲ್ಲ ಇದ್ದದ್ದು ಬೇರೆ ಕಡೆ. ಕ್ರಿಪ್ಟೊ ನಾಣ್ಯದ ವಹಿವಾಟನ್ನೆಲ್ಲ ಬರೆದಿಡುವ ಒಂದು ದೊಡ್ಡ ಪುಸ್ತಕವಿದೆಯಲ್ಲ, ಅದಕ್ಕೆ ಯಜಮಾನನೇ ಇಲ್ಲ. ಯಾರು ಬೇಕಾದರೂ ಒಂದು ಕಂಪ್ಯೂಟರ್ ಪೆಟ್ಟಿಗೆ ಇಟ್ಟುಕೊಂಡು ಅದರ ಪೂರ್ತಿ ಪ್ರತಿಯನ್ನು ಕಾಯಬಹುದು. ಒಮ್ಮೆ ಅದರಲ್ಲಿ ಬರೆದದ್ದನ್ನು ಎಂಥ ದೊಡ್ಡ ಮನುಷ್ಯನೂ ಅಳಿಸಲಾರ. ಇದನ್ನು ಕೇಳಿದ ದಿನವೇ ಜರಡಿಯಪ್ಪನವರು ಮರುಳಾಗಿಬಿಟ್ಟಿದ್ದರು. ನಯಾಪೈಸೆ ಲಾಭವಿಲ್ಲದೆ, ಕರೆಂಟಿನ ಬಿಲ್ಲನ್ನು ಕೈಯಿಂದಲೇ ಕಟ್ಟಿಕೊಂಡು, ಮಗುವಿನ ತೊಟ್ಟಿಲು ಕಾದ ಹಾಗೆ ಆ ಪೆಟ್ಟಿಗೆಯನ್ನು ಕಾಯುತ್ತಿದ್ದರು. ಅಂಥ ನಿಷ್ಠೆಯನ್ನು ಮೆಚ್ಚದೆ ಇರಲು ಸಾಧ್ಯವೇ?

ತೊಂದರೆ ಶುರುವಾದದ್ದು ಕೆಲವರು ವಹಿವಾಟಿನ ಬಾಲಕ್ಕೆ ಪದ್ಯ, ಬೆಕ್ಕಿನ ಚಿತ್ರ, ಹುಟ್ಟುಹಬ್ಬದ ಹಾರೈಕೆ ಅಂಟಿಸಿ ಕಳಿಸತೊಡಗಿದಾಗ. ಜರಡಿಯಪ್ಪನವರ ಮೈ ಉರಿದುಹೋಯಿತು. ಬರಹ ಅಂಟಿಸಿಕೊಂಡು ಬರುವ ವಹಿವಾಟನ್ನು ಒಳಗೆ ಬಿಟ್ಟುಕೊಳ್ಳದ, ಮುಂದಕ್ಕೂ ದಾಟಿಸದ ಫಿಲ್ಟರನ್ನು ತಮ್ಮ ಪೆಟ್ಟಿಗೆಗೆ ಹಾಕಿಕೊಂಡರು. ಬೀದಿಯಲ್ಲಿ ಇಂಥ ಪೆಟ್ಟಿಗೆ ಇಟ್ಟಿದ್ದವರು ಇನ್ನಿಬ್ಬರು, ಜೆರಾಕ್ಸ್ ಅಂಗಡಿಯವನು ಮತ್ತು ಬೇಕರಿ ಅಕ್ಕ. ಅವರ ಬೆನ್ನಿಗೂ ಬಿದ್ದರು. ಜರಡಿಯಪ್ಪ ಎಂಬ ಹೆಸರು ಬಂದದ್ದು ಆಗಲೇ.

ಜೆರಾಕ್ಸಿನವನು ಬೇಗ ಒಪ್ಪಿದ. ಬೇಕರಿ ಅಕ್ಕ ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

"ಬರೆಯೋರು ಫೀಸು ಕೊಟ್ಟೇ ಬರೀತಾರಲ್ಲ, ನಿಮಗ್ಯಾಕೆ ಹೊಟ್ಟೆಯುರಿ?"

"ಫೀಸು ಕೊಟ್ರೆ ನಿಮ್ಮ ಬೇಕರಿ ಗೋಡೆ ಮೇಲೆ ಏನು ಬೇಕಾದ್ರೂ ಬರೆಯೋಕೆ ಬಿಡ್ತೀರಾ ಅಕ್ಕಾ?"

"ಎಷ್ಟು ಕೊಡ್ತಾರೆ?"

ಕೊನೆಗೆ ಇವರ ಬಾಯಿ ತಾಳಲಾರದೆ ಆಕೆಯೂ ಫಿಲ್ಟರ್ ಹಾಕಿಕೊಂಡರು.

ಆ 'ಹೂಂ' ಅಂದ ಮರುದಿನ ಅಂಗಡಿಗೆ ವಾರದ ರಜೆ. ನರ್ಸ್ ಆಗಿದ್ದ ಹೆಂಡತಿ ನಸುಕಿನಲ್ಲೇ ಡ್ಯೂಟಿಗೆ ಹೋಗಿದ್ದರು. ಅಲ್ಲಿ ಫೋನನ್ನು ಕಪಾಟಿನಲ್ಲಿಟ್ಟು ಬೀಗ ಹಾಕಬೇಕು. ಮಧ್ಯಾಹ್ನವಾಗುತ್ತ ಬಂದಾಗ ಜರಡಿಯಪ್ಪನವರು ಅಡಿಗೆಮನೆಯ ಸಿಂಕಿನ ಕೆಳಗೆ ಕುಕ್ಕರಗಾಲಲ್ಲಿ ಕೂತರು. ಮಲಗುವ ಕೋಣೆಯಲ್ಲಿ ಪೆಟ್ಟಿಗೆಯ ಫ್ಯಾನಿನ ಸದ್ದು ಬೇಡವೆಂದು ಹೆಂಡತಿ ಹೇಳಿದ್ದರಿಂದ ಅದು ಅಲ್ಲಿಗೆ ವರ್ಗವಾಗಿತ್ತು. ಬರಹ ಅಂಟಿದ್ದ ಒಂದು ವಹಿವಾಟನ್ನು ಬೆಳಿಗ್ಗೆ ತಳ್ಳಿಹಾಕಿದ್ದಾಗಿ ಪರದೆ ಹೇಳುತ್ತಿತ್ತು.

"ನಡಿ ಆಚೆ, ಕಸ!" ಎಂದು ಅವರು ಮೀಸೆ ತಿರುವುತ್ತಿರುವಾಗಲೇ ಬಾಮೈದನ ಫೋನು ಬಂತು.

"ಭಾವ, ಅಕ್ಕ ಬರೆದಿದ್ದು ಓದಿದ್ರಾ?"

"ಎಲ್ಲಿ ಬರೆದಿದಾಳೆ?"

"ನಿಮ್ಮ ಪುಸ್ತಕದಲ್ಲೇ! ಡ್ಯೂಟಿಗೆ ಹೋಗೋ ಮುಂಚೆ ನನ್ನ ಕೈಲಿ ಕಳಿಸಿದ್ಲು, ನಿಮ್ಮ ಪೆಟ್ಟಿಗೆಗೂ ನೇರವಾಗಿ. 'ನಿಮ್ಮ ಭಾವ ಮನಸ್ಸಿಟ್ಟು ನೋಡೋದು ಅದೊಂದನ್ನೇ' ಅಂದ್ಲು. ಏನು ಬರೆದಿದಾಳೆ ಅಂದ್ರೆ—"

"ಹೇಳಬೇಡ! ಅದನ್ನ ನಾನೇ ಓದಬೇಕು!" ಎಂದು ಜರಡಿಯಪ್ಪನವರು ಫೋನ್ ಕತ್ತರಿಸಿದರು.

ಆಕೆ ಯಾಕೆ ಬರೆದಳು? ಅದೂ ಇವತ್ತೇ? ತಟ್ಟನೆ ಹೊಳೆಯಿತು: ಮದುವೆಯಾದ ದಿನ! ಈ ತಿಂಗಳಲ್ಲೇ ಎಲ್ಲೋ ಇದ್ದ ನೆನಪು. ಅವರ ಕಣ್ಣು ತುಂಬಿ ಬಂತು. ಇಷ್ಟು ವರ್ಷದ ಸಂಸಾರದಲ್ಲಿ ಆಕೆ ಒಂದು ಸಾಲು ಬರೆದವಳಲ್ಲ. ಈಗ ಮನಸ್ಸು ಬಿಚ್ಚಿ, ಯಾರೂ ಅಳಿಸಲಾಗದ ಪುಸ್ತಕದಲ್ಲಿ ಬರೆಸಿದರೆ, ಕಟ್ಟಿಕೊಂಡ ಗಂಡ ಅದನ್ನು ಕಸವೆಂದು ಆಚೆ ನೂಕಿದ್ದ! ಮನೆಗೆ ಬಂದವಳು "ಓದಿದ್ರಾ?" ಎಂದರೆ ಯಾವ ಮುಖ ತೋರಿಸುವುದು?

ಫಿಲ್ಟರ್ ಕಿತ್ತುಹಾಕಿದರು. ಒಂದೆರಡು ನಿಮಿಷ ಕಾದರು. ಏನೂ ಬರಲಿಲ್ಲ. ಹೇಗೆ ಬಂದೀತು? ತಮ್ಮ ಪೆಟ್ಟಿಗೆಗೆ ಸುದ್ದಿ ದಾಟಿಸುವ ಎರಡೂ ಪೆಟ್ಟಿಗೆಗಳಿಗೆ ಫಿಲ್ಟರ್ ಹಾಕಿಸಿದ ಮಹಾನುಭಾವರು ತಾವೇ ಅಲ್ಲವೇ! ಮನೆಗೆ ಬೀಗ ಜಡಿದು ಎದ್ದೆನೋ ಬಿದ್ದೆನೋ ಎಂದು ಓಡಿದರು.

ಜೆರಾಕ್ಸ್ ಅಂಗಡಿಯ ಮುಂದೆ ಜನವಿತ್ತು.

"ಫಿಲ್ಟರ್ ತೆಗಿಯಯ್ಯಾ, ಬೇಗ!"

"ಇನ್ನೂ ಬಿಗಿ ಮಾಡು ಅಂತ ನಿನ್ನೆ ತಾನೇ ನನ್ನ ತಲೆ ತಿಂದ್ರಲ್ಲ ಸಾರ್!"

"ನಿನ್ನೆ ಬುದ್ಧಿ ಇರಲಿಲ್ಲ. ನಮ್ಮ ಮನೆಯವಳು ಏನೋ ಬರೆದಿದಾಳೆ."

"ಓ, ನರ್ಸಮ್ಮನವರದ್ದಾ? ಅದು ಆಗಲೇ—"

"ಆಗಲೇ ತೆಗೀಬೇಕಿತ್ತು, ತಪ್ಪು ನಂದೇ! ಈಗ ತೆಗಿ!" ಎಂದು ಅವನ ಮಾತನ್ನು ತಾವೇ ಮುಗಿಸಿದರು. ಅವನು ಇವರ ಮುಖವನ್ನೊಮ್ಮೆ, ಸಾಲುಗಟ್ಟಿ ನಿಂತ ಗಿರಾಕಿಗಳನ್ನೊಮ್ಮೆ ನೋಡಿ, ಬಾಯಿ ಮುಚ್ಚಿಕೊಂಡು ಫಿಲ್ಟರ್ ತೆಗೆದ.

ಬೇಕರಿಯ ದಾರಿಯಲ್ಲಿ ನೀರಿನ ಪೈಪಿನ ರಿಪೇರಿಗೆಂದು ಬೀದಿಯುದ್ದಕ್ಕೂ ಅಗೆದಿದ್ದರು. ಮಣ್ಣಿನ ಗುಡ್ಡೆ ಹತ್ತಿ ಇಳಿಯುವಾಗ ಜರಡಿಯಪ್ಪನವರ ಒಂದು ಚಪ್ಪಲಿ ಗುಂಡಿ ಪಾಲಾಯಿತು. ಅಷ್ಟರಲ್ಲಿ ಚೀಲ ಹೆಗಲಿಗೇರಿಸಿಕೊಂಡ ಪ್ಲಂಬರ್ ಅಡ್ಡ ಬಂದ.

"ಸಾರ್, ಸದ್ಯ ಸಿಕ್ಕಿದ್ರಿ. ನಿಮ್ಮ ಮನೆಗೆ ಹೋಗಿದ್ದೆ, ಬೀಗ—"

"ಆಮೇಲೆ ಮಾತಾಡೋಣ ಮಾರಾಯ, ನಂದು ಸಂಸಾರದ ಪ್ರಶ್ನೆ!"

"ನಂದೂ ಅದೇ ವಿಷಯ ಸಾರ್—"

ಜರಡಿಯಪ್ಪನವರು ಆಗಲೇ ಒಂಟಿ ಚಪ್ಪಲಿಯಲ್ಲಿ ಕುಂಟುತ್ತ ಮುಂದೆ ಹೋಗಿದ್ದರು. ಪ್ಲಂಬರಿಗೆ ಬೇರೆ ಮನೆಗಳಿದ್ದವು, ಅವನು ಅತ್ತ ಹೋದ.

ಬೇಕರಿ ಅಕ್ಕ ಸಿಕ್ಕ ಅವಕಾಶ ಬಿಡುವವರಲ್ಲ. ವಿಷಯ ಕೇಳಿ, ಹಿಟ್ಟಿನ ಕೈಯನ್ನು ಎದೆಗೆ ಕಟ್ಟಿಕೊಂಡು ನಿಂತರು.

"ಫಿಲ್ಟರ್ ತೆಗೀತೀನಿ. ಮೊದಲು 'ನಾನು ಸೋತೆ, ನೀವು ಗೆದ್ರಿ' ಅನ್ನಿ."

"ನಾನು ಸೋತೆ, ನೀವು ಗೆದ್ರಿ."

"ಹಿಂದಿನವರಿಗೂ ಕೇಳಿಸಲಿ."

ಬ್ರೆಡ್ಡು ಕೊಳ್ಳಲು ಬಂದವರೆಲ್ಲ ತಿರುಗಿ ನೋಡುವ ಹಾಗೆ ಜರಡಿಯಪ್ಪನವರು ಕೂಗಿದರು. ಹೆಂಡತಿಯ ನಾಲ್ಕು ಸಾಲಿಗಾಗಿ ಬೀದಿಯಲ್ಲಿ ನಿಂತು ಮಾನ ಬಿಟ್ಟ ಗಂಡನನ್ನು ಕಂಡು ಅಕ್ಕನ ಮನಸ್ಸೂ ಕರಗಿತು. ಫಿಲ್ಟರ್ ತೆಗೆದರು.

"ಆದ್ರೆ ಒಂದು ಮಾತು. ನರ್ಸಮ್ಮ ಬರೆದದ್ದನ್ನ ನಾನು—"

"ಹೇಳಬೇಡಿ ಅಕ್ಕಾ, ನಿಮ್ಮ ಕಾಲಿಗೆ ಬೀಳ್ತೀನಿ!" ಎಂದವರೇ ಮನೆಯ ಕಡೆ ಓಡಿದರು. ಅಕ್ಕ ಹಣೆ ಚಚ್ಚಿಕೊಂಡು, ಫೋನ್ ಹಿಡಿದು ಹಿಂದೆಯೇ ಓಡಿದರು.

ಬಾಗಿಲ ಮುಂದೆ ನಿಂತಾಗ ಚಪ್ಪಲಿಯಿಲ್ಲದ ಕಾಲಿಗೆ ತಣ್ಣಗೆ ಏನೋ ತಗುಲಿತು. ಹೊಸ್ತಿಲಿನ ಅಡಿಯಿಂದ ನೀರು ಹರಿಯುತ್ತಿತ್ತು. ಬಾಗಿಲು ತೆಗೆದರೆ ಅಡಿಗೆಮನೆಯಲ್ಲಿ ಕಾರಂಜಿ! ಹಿಡಿ ಕಿತ್ತುಹೋಗಿದ್ದ ನಲ್ಲಿ ಸೂರಿಗೆ ನೀರು ಚಿಮ್ಮಿಸುತ್ತಿತ್ತು. ಅದರ ಕೆಳಗೆ, ಅಷ್ಟು ಕಾಲ ಕಣ್ಣಲ್ಲಿ ಕಣ್ಣಿಟ್ಟು ಕಾದ ಪೆಟ್ಟಿಗೆ ದೀಪ ಆರಿ ಮುಳುಗಿತ್ತು.

ಅಕ್ಕ ಹೊರಗಿನ ವಾಲ್ವ್ ತಿರುಗಿಸಿ ನೀರು ನಿಲ್ಲಿಸಿದರು. ಆಮೇಲೆ ಉಸಿರು ಬಿಟ್ಟು ಫೋನಿನಿಂದ ಓದಿದರು:

"ರೀ, ನಲ್ಲಿಯ ಹಿಡಿ ಕಿತ್ತು ಬಂದಿದೆ. ಬೀದಿಗೆ ಮಧ್ಯಾಹ್ನ ನೀರು ಬಿಡುತ್ತಾರೆ. ಅಷ್ಟರೊಳಗೆ ಪ್ಲಂಬರ್ ಬರುತ್ತಾರೆ. ದಯವಿಟ್ಟು ಮನೆಯಲ್ಲೇ ಇರಿ. ಬಾಯಲ್ಲಿ ಮೂರು ಸಲ ಹೇಳಿದ್ದೇನೆ."

"ಇದು ನಿಮಗೆ ಯಾವಾಗ ಸಿಕ್ತು ಅಕ್ಕಾ?"

"ಬೆಳಿಗ್ಗೆ ಒಲೆ ಹಚ್ಚುವಾಗಲೇ. ನಮ್ಮ ಮೂರು ಪೆಟ್ಟಿಗೆ ಬೇಡ ಅಂದ್ರೆ ಲೋಕದ ಬೇರೆ ಪೆಟ್ಟಿಗೆಗಳು ದಾಟಿಸಲ್ವಾ? ಪುಸ್ತಕಕ್ಕೆ ಏರಿದ ಮೇಲೆ ಫಿಲ್ಟರ್ ಇದ್ರೂ ಎಲ್ಲರೂ ಇಟ್ಕೊಳ್ಳಲೇಬೇಕು. ನೀವು ಬೀಗ ಹಾಕೋವಾಗ ಅದು ನಿಮ್ಮ ಸಿಂಕಿನ ಕೆಳಗೇ ಇತ್ತು. ಪುಸ್ತಕ ತೆರೆದು ನೋಡಿದ್ರೆ ಸಾಕಾಗಿತ್ತು."

ಜರಡಿಯಪ್ಪನವರು ಕಾಲು ಮುಳುಗುವಷ್ಟು ನೀರಿನಲ್ಲಿ ಬಗ್ಗಿ ಪೆಟ್ಟಿಗೆಯನ್ನು ಎತ್ತಿಕೊಂಡರು. ಅಳುತ್ತಾರೆ ಎಂದುಕೊಂಡರು ಅಕ್ಕ. ಅವರ ಮುಖ ನಿಧಾನವಾಗಿ ಅರಳಿತು.

"ನನ್ನ ಪೆಟ್ಟಿಗೆ ಸತ್ರೂ ಒಂದಕ್ಷರ ಅಳಿಸಿಲ್ಲ ಅಲ್ವಾ? ನಾನೇ ತಡೆದ್ರೂ ನಿಲ್ಲಲಿಲ್ಲ ಅಲ್ವಾ? ಎಂಥಾ ವ್ಯವಸ್ಥೆ ಅಕ್ಕಾ! ಭೇಷ್!"

ಬಾಗಿಲಲ್ಲಿ ಡ್ಯೂಟಿ ಮುಗಿಸಿ ಬಂದ ನರ್ಸಮ್ಮ ನಿಂತಿದ್ದರು, ಕೈಯಲ್ಲಿ ಬೂಟು ಹಿಡಿದು. ನೀರಿನಲ್ಲಿ ನಡೆದು ಬಂದು, ಒಣಗಿದ್ದ ಒಂದೇ ಕುರ್ಚಿಯ ಮೇಲೆ ಕಾಲು ಮಡಿಸಿ ಕೂತು ಫೋನ್ ತೆಗೆದರು.

"ನಮ್ಮ ಮದುವೆ ದಿನ ಅಂದ್ಕೊಂಡೆ ಕಣೇ," ಎಂದರು ಜರಡಿಯಪ್ಪನವರು.

"ಅದು ಹೋದ ತಿಂಗಳು."

"ನಿನ್ನ ಮಾತಿಗೋಸ್ಕರ ಬೀದಿಯೆಲ್ಲ ಸುತ್ತಿದೆ."

ನರ್ಸಮ್ಮ ಫೋನಿನಲ್ಲಿ ಏನೋ ಉದ್ದಕ್ಕೆ ಬರೆಯುತ್ತಿದ್ದರು, ತಮ್ಮನಿಗೆ ಕಳಿಸಲು. ಪುಸ್ತಕಕ್ಕೆ ಏರಿಸಲೆಂದೇ ಇರಬೇಕು. ಜರಡಿಯಪ್ಪನವರು ನೀರು ತುಳಿಯುತ್ತ ಹತ್ತಿರ ಬಂದರು.

"ಏನೇ ಅದು? ನನ್ನ ವಿಷಯಾನಾ? ಲೋಕವೆಲ್ಲ ಓದುತ್ತೆ ಕಣೇ, ಮತ್ತೆ ಅಳಿಸೋಕಾಗಲ್ಲ! ಕೇಳಿಸ್ತಾ?"

ನರ್ಸಮ್ಮ ಪರದೆಯಿಂದ ಕಣ್ಣು ಕೀಳದೆ ಅಂದರು:

"ಹೂಂ."