ಸವುಳು ನೀರು ಮತ್ತು ನಾಲ್ಕು ಬಂಗಲೆಗಳು

ಸರಕಾರಿ ಓವರಸಿಯರನೆಂದರೆ ರಸ್ತೆ, ಮೋರಿ ಕಟ್ಟಿಸುವವನು ಎಂದು ಜನ ತಿಳಿದಿದ್ದಾರೆ. ತಿಳಿಯಲಿ ಬಿಡಿ. ನನ್ನ ನೌಕರಿಯಲ್ಲಿ ನಗೆ ಬರುವಂಥದ್ದು ಏನೇ ನಡೆದರೂ ಅದು ಬಚ್ಚಲಲ್ಲೇ ನಡೆಯಬೇಕೆಂದು ನನ್ನ ಹಣೆಯಲ್ಲಿ ಬರೆದಿತ್ತು.

ಎಪ್ಪತ್ತರ ದಶಕದ ಮಾತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ಊರಿನ ಸರಕಾರಿ ಬಂಗಲೆಗಳ ದೇಖರೇಖಿ ನನ್ನದು. ನಾಲ್ಕೂ ಕಡೆ ಸವುಳು ನೀರು. ಬೇಸಿನ್ನು, ನಳ, ಕನ್ನಡಿ, ಎಲ್ಲದರ ಮೇಲೂ ಉಪ್ಪಿನ ಬಿಳಿ ಕಲೆ ಗಟ್ಟಿಯಾಗಿ ಕೂತಿತ್ತು. ದೊಡ್ಡ ಸಾಹೇಬರು ಒಮ್ಮೆ ನೋಡಿ ಮುಖ ಸಿಂಡರಿಸಿದರು. ಮುಂದಿನ ಸಲ ಬರುವಷ್ಟರಲ್ಲಿ ಎಲ್ಲ ಬೆಳ್ಳಗಾಗಿದ್ದರೆ ಬಾಗೇವಾಡಿಯ ಮೇಟಿಯನ್ನು ಕಾಯಂ ಮಾಡುತ್ತೇನೆ ಎಂದರು.

ಮೇಟಿ ಎಂದರೆ ಬಂಗಲೆಯ ಅಡುಗೆಯವ, ಕಾವಲುಗಾರ, ಎಲ್ಲ ಅವನೇ. ಪಾಪ, ವರ್ಷಗಟ್ಟಲೆ ದಿನಗೂಲಿಯ ಮೇಲಿದ್ದ. ಕಾಯಂ ಆದರೆ ಇರಲು ಹಿತ್ತಲಿನ ಕೋಲಿ ಸಿಗುತ್ತಿತ್ತು, ಮೋರಟಗಿಯಲ್ಲಿ ಮಾವನ ಮನೆಯಲ್ಲಿ ಬಿಟ್ಟಿದ್ದ ಹೆಂಡತಿ ಮಕ್ಕಳನ್ನು ಕರೆತರಬಹುದಿತ್ತು. ಕಲೆ ತೆಗೆಯಲು ಅವನನ್ನೇ ಕರೆದುಕೊಂಡು ಹೊರಟೆ.

ಇಂಡಿ

ಇಂಡಿಯಲ್ಲಿ ನಿಂಬೆಹಣ್ಣಿಗೇನು ಬರ! ಕಲೆ ತಿಕ್ಕಲು ಒಂದು ಚೀಲ ತರಿಸಿ ಕೊಟ್ಟು ನಾನು ರಸ್ತೆ ಕೆಲಸ ನೋಡಲು ಹೋದೆ. ಮಧ್ಯಾಹ್ನ ಬಿಸಿಲಿಗೆ ಬೆಂದು ಬಂದವನೇ ಒಂದು ಗ್ಲಾಸ್ ಶರಬತ್ತು ಮಾಡೆಂದೆ. ಮೇಟಿ ಬರೀ ಸಕ್ಕರೆ ನೀರು ತಂದಿಟ್ಟ. ಹಣ್ಣೆಲ್ಲಿ ಎಂದು ಕೇಳಿದೆ.

"ಇದ್ದದ್ದೆಲ್ಲಾ ಬೇಸಿನ್ನ ಕುಡದೈತ್ರಿ," ಎಂದ.

ಸಿಂದಗಿ

ಇಲ್ಲಿ ನಳದ ಸುತ್ತ ಬೆರಳು ದಪ್ಪ ಪದರು. ಹುಣಸೆಹಣ್ಣು ಮೆತ್ತಿ, ನೆನೆಸಿ, ತಿಕ್ಕಿ, ಪದರನ್ನೆಲ್ಲ ಬಿಡಿಸಿದ. ನಳ ಹೊಸದರಂತೆ ಹೊಳೆಯಿತು. ಹೊಳೆಯುತ್ತಲೇ ಸೋರತೊಡಗಿತು. ಇಷ್ಟು ದಿನ ಆ ಸವುಳೇ ನೀರನ್ನು ತಡೆದಿತ್ತೆಂದು ಯಾರಿಗೆ ಗೊತ್ತು? ನೌಕರಿ ಹೋಯಿತೆಂದೇ ಮೇಟಿ ಎರಡೂ ಕೈಯಿಂದ ನಳ ಅಮುಕಿ ಹಿಡಿದು ನಿಂತುಬಿಟ್ಟ. ನಾನು ಊರ ಮಿಸ್ತ್ರಿಯನ್ನು ಕರೆಸಿದೆ. ಅವನು ದಾರ ಸುತ್ತಿ ಹೇಗೋ ನಿಲ್ಲಿಸಿದ. ಮತ್ತೆ ಸೋರಿದರೆ ಏನು ಮಾಡುವುದೆಂದು ಕೇಳಿದೆ.

"ಏನೂ ಮಾಡಬ್ಯಾಡ್ರಿ. ಇದ ನೀರ ಬಿಡ್ರಿ, ವರ್ಷದಾಗ ತಾನ ಮುಚ್ಚಕೋತೈತಿ."

ಮುದ್ದೇಬಿಹಾಳ

ಬೇಸಿನ್ನಿಗಿಂತ ಕನ್ನಡಿಯ ಅವಸ್ಥೆ ಕೆಟ್ಟಿತ್ತು. ನೀರು ಸಿಡಿದು ಸಿಡಿದು ಮುಖವೇ ಕಾಣುತ್ತಿರಲಿಲ್ಲ. ಮೇಟಿ ಅರ್ಧ ದಿನ ತಿಕ್ಕಿದ. ನಾನು ಹೋಗಿ ಎದುರು ನಿಂತು, ಕಿವಿಯ ಹತ್ತಿರ ಇನ್ನೂ ಬೆಳ್ಳಗೆ ಉಳಿದಿದೆ, ಸರಿಯಾಗಿ ತಿಕ್ಕು ಎಂದು ಗದರಿಸಿದೆ. ಅವನು ಮತ್ತೆ ತಿಕ್ಕಿದ. ಮತ್ತೆ ಗದರಿಸಿದೆ. ಕೊನೆಗೆ ಅರಿವೆ ಕೆಳಗಿಟ್ಟು ನೆಲ ನೋಡುತ್ತ ಹೇಳಿದ:

"ಸಾಹೇಬ್ರ, ಸಿಟ್ಟಾಗಬ್ಯಾಡ್ರಿ. ಅದು ನಿಮ್ಮ ಕೂದಲ ಐತ್ರಿ."

ಬಾಗೇವಾಡಿ

ದೊಡ್ಡ ಸಾಹೇಬರು ಉಳಿದ ಮೂರೂ ನೋಡಿ, ಮುದ್ದೇಬಿಹಾಳದ ಕಡೆಯಿಂದ ಜೀಪಿನಲ್ಲಿ ಧೂಳು ಮೆತ್ತಿಕೊಂಡು ಇಳಿದರು. ಮೇಟಿ ಬಚ್ಚಲ ಬಾಗಿಲು ತೆರೆದು ತೋರಿಸಿದ. ಬೇಸಿನ್ನು ಹಾಲಿನಂತಿತ್ತು. ಸಾಹೇಬರು ಖುಷಿಯಾಗಿ, ಮುಖ ತೊಳೆಯಲು ತೋಳು ಮಡಿಚಿದರು. ಮೇಟಿ ಅಡ್ಡ ಬಂದು ನಿಂತ, ಹೊರಗೆ ಬೇವಿನ ಗಿಡದ ಕೆಳಗೆ ಬಿಸಿನೀರು ಇಟ್ಟಿದ್ದೇನೆ ಎಂದ. ನಾವು ಮಾಡಿದ್ದೆಲ್ಲ ಹೊಳೆಯಲ್ಲಿ ಹೋಯಿತಲ್ಲ!

"ಇದನ್ನ ಯಾರ ಸಲುವಾಗಿ ಕಾಯಾಕತ್ತೀಪಾ?" ಸಾಹೇಬರು ಕೇಳಿದರು.

"ನಿಮ್ಮ ಸಲುವಾಗೇರಿ."

"ನಾ ಬಂದೇನಲ್ಲ."

"ಹೌದ್ರಿ. ಆದ್ರ ನನ್ನ ಆರ್ಡರ್ ಬರೂತನಕ ಹಿಂಗ ಇರ್ಲಿರಿ."

ಸಾಹೇಬರು ಅವನ ಮುಖ ನೋಡಿದರು. ಹೊರಗೆ ಹೋಗಿ ಬೇವಿನ ಗಿಡದ ಕೆಳಗೆ ಕುಕ್ಕರಗಾಲಿನಲ್ಲಿ ಕೂತರು. ನಾನು ತಂಬಿಗೆಯಿಂದ ನೀರು ಹಾಕಿದೆ. ಅಂಥ ದೊಡ್ಡ ಮನುಷ್ಯರನ್ನು ನಾನು ಹೆಚ್ಚು ಮಂದಿ ಕಂಡಿಲ್ಲ.

ಸ್ವಲ್ಪ ದಿನದಲ್ಲೇ ಆರ್ಡರ್ ಬಂತು. ನಾನೇ ಒಯ್ದು ಕೊಟ್ಟೆ. ಮೇಟಿ ಅದನ್ನು ಕಣ್ಣಿಗೊತ್ತಿಕೊಂಡು ನೇರ ಬಚ್ಚಲಿಗೆ ಹೋದ, ಆ ಬೇಸಿನ್ನಿನಲ್ಲಿ ಮೊದಲ ಸಲ ದಾಡಿ ಮಾಡಿಕೊಂಡ. ಮೋರಟಗಿಗೆ ಹೆಂಡತಿಯನ್ನು ಕರೆತರಲು ಹೊರಟಿದ್ದ. ನನಗೂ ಕಣ್ಣು ತುಂಬಿ ಬಂತು. ಮುಖ ತೊಳೆದುಕೊಳ್ಳೋಣವೆಂದು ಒಳಗೆ ಹೆಜ್ಜೆ ಇಟ್ಟೆ.

ಮೇಟಿ ನನ್ನ ಕೈಗೆ ತಂಬಿಗೆ ಕೊಟ್ಟ.

"ನೀವು ಗಿಡದ ಬುಡಕ ಹೋಗ್ರಿ. ದೊಡ್ಡ ಸಾಹೇಬ್ರ ಅಲ್ಲೇ ತೊಳಕೊಂಡಾರ."