ಚುಕ್ಕೆ ಕೀಳುವ ಕೆಲಸ

ಎಲ್ಲದಕ್ಕೂ ಕಾರಣ ಕನ್ನಡ ಪಂಡಿತರಿಗೆ ಬಂದ ಜ್ವರ. ಅವರು ಮಲಗಿದ್ದರಿಂದ ಪರೀಕ್ಷೆಯ ಕನ್ನಡ ಪ್ರಶ್ನೆಪತ್ರಿಕೆ ತಯಾರಿಸುವ ಕೆಲಸ ವಿಜ್ಞಾನದ ಮೇಷ್ಟ್ರು ಪರಮೇಶ್ವರನ ತಲೆಗೆ ಬಿತ್ತು. ಸುಳ್ಯದ ಆ ಹೈಸ್ಕೂಲಿಗೆ ಅವನು ಬಂದು ವರ್ಷವಾಗಿತ್ತು. ನೌಕರಿ ಇನ್ನೂ ಖಾಯಂ ಆಗಿರಲಿಲ್ಲ.

"ಪತ್ರಿಕೆ ಅಚ್ಚಾಗಿ ಸಂಜೆಯೊಳಗೆ ನನ್ನ ಮೇಜಿಗೆ ಬರ್ಲಿ. ತಪ್ಪಿಲ್ಲದಿದ್ರೆ ನಿಮ್ಮನ್ನು ಖಾಯಂ ಮಾಡುವ ಕಾಗದಕ್ಕೆ ಇವತ್ತೇ ಸಹಿ ಹಾಕ್ತೇನೆ" ಎಂದಿದ್ದರು ಹೆಡ್ಮಾಸ್ಟರ್ ಮಹಾಲಿಂಗ ಭಟ್ಟರು.

ಪರಮೇಶ್ವರ ಬೆಳಗಿನ ಬಸ್ಸಿಗೆ ಪುತ್ತೂರಿನ ಪ್ರೆಸ್ಸಿಗೆ ಬಂದ. ಅಚ್ಚಿನ ಮೊಳೆ ಜೋಡಿಸುವ ಕುಕ್ಕಪ್ಪ, ಮೊದಲೇ ಕಳಿಸಿದ್ದ ಪತ್ರಿಕೆಯ ಪ್ರೂಫ್ ಚಾಚಿದ. ಐದನೆಯ ಪ್ರಶ್ನೆಗೆ ಬಂದು ಪರಮೇಶ್ವರನ ಬೆರಳು ಅಲ್ಲೇ ನಿಂತಿತು. ವಾಲಿಬಾಲಿಗೂ ಥ್ರೋಬಾಲಿಗೂ ಇರುವ ಹೋಲಿಕೆ, ವ್ಯತ್ಯಾಸಗಳನ್ನು ಅವನು ಹತ್ತು ಸಾಲಿನಲ್ಲಿ ಒಂದೇ ಉಸಿರಿಗೆ ಬರೆದು, 'ಸರಿಯಾದ ಲೇಖನ ಚಿಹ್ನೆಗಳನ್ನು ಹಾಕಿರಿ' ಎಂದು ಕೇಳಿದ್ದ. ಮಕ್ಕಳು ಹಾಕಬೇಕಾದ್ದನ್ನೆಲ್ಲ ಕುಕ್ಕಪ್ಪನೇ ಹಾಕಿ ಮುಗಿಸಿದ್ದ.

"ಎಂತ ಕುಕ್ಕಪ್ಪಣ್ಣ ಇದು?"

"ನೀವು ಒಂದು ಚುಕ್ಕೆ, ಕಾಮಾ ಸಹ ಹಾಕಿರ್ಲಿಲ್ಲ ಮಾಷ್ಟ್ರೆ. ವಿಜ್ಞಾನದವರು, ಪಾಪ, ಗೊತ್ತಿರ್ಲಿಕ್ಕಿಲ್ಲ ಅಂತ ನಾನೇ ಹಾಕಿದೆ."

"ಅದು ಪ್ರಶ್ನೆ ಮಾರಾಯ್ರೆ! ನೀವು ಉತ್ತರ ಅಚ್ಚು ಹಾಕಿದ್ದೀರಿ!"

ಕುಕ್ಕಪ್ಪ ಮುಖ ಸಣ್ಣದು ಮಾಡಿಕೊಂಡು ಚಿಮಟ ಎತ್ತಿಕೊಂಡ. ಅಕ್ಕಿಯಲ್ಲಿ ಕಲ್ಲು ಆರಿಸುವವನಂತೆ ಒಂದೊಂದೇ ಚುಕ್ಕೆ ಕೀಳತೊಡಗಿದ. ಪರಮೇಶ್ವರ ಸಮಾಧಾನದಿಂದ ಕಾಫಿಗೆ ಹೋದ.

ಬರುವಷ್ಟರಲ್ಲಿ ಶಾಲೆಯ ಡ್ರಿಲ್ ಮಾಸ್ಟರ್ ಮೇದಪ್ಪ ಅಲ್ಲಿದ್ದರು. ಕ್ರೀಡಾಕೂಟದ ಸರ್ಟಿಫಿಕೇಟು ಅಚ್ಚು ಹಾಕಿಸಲು ಬಂದವರು ಪ್ರೂಫ್ ಕೈಗೆತ್ತಿಕೊಂಡು ಕೆಂಪು ಪೆನ್ಸಿಲಿನಿಂದ ಗೀಚುತ್ತಿದ್ದರು. ಅವರು ಹೇಳಿದ ಹಾಗೆ ಕುಕ್ಕಪ್ಪ ಮತ್ತೆ ಮೊಳೆ ಜೋಡಿಸುತ್ತಿದ್ದ.

"ಪರಮೇಶ್ವರರೆ, ವಾಲಿಬಾಲಿನ ಮುಂದೆ ಒಂದು ಆಶ್ಚರ್ಯ ಚಿಹ್ನೆ ಇಲ್ದಿದ್ರೆ ಹೇಗೆ? ಥ್ರೋಬಾಲು ಎಂತದು, ಚೆಂಡು ಹಿಡ್ಕೊಂಡು ಆಲೋಚನೆ ಮಾಡುವ ಆಟ. ಅದಕ್ಕೆ ಅರ್ಧ ವಿರಾಮ ಸಾಕು."

ಅಚ್ಚಿನ ಯಂತ್ರ ತುಳಿಯುತ್ತಿದ್ದ ರವೂಫ್ ಕಾಲು ನಿಲ್ಲಿಸಿದ. "ನನ್ನ ತಂಗಿ ಬಿಸಾಡಿದ ಥ್ರೋಬಾಲು ನಿಮ್ಮ ಮೂಗಿಗೆ ಬೀಳ್ಬೇಕು ಮಾಷ್ಟ್ರೆ. ಆಗ ಪೂರ್ಣ ವಿರಾಮ ಎಂತದು ಅಂತ ಗೊತ್ತಾಗ್ತದೆ."

ಅಲ್ಲಿಂದ ಮಾತು ನೆಟ್‌ನ ಎತ್ತರಕ್ಕೆ ಹೋಯಿತು, ಅಲ್ಲಿಂದ ಆಟಗಾರರ ಎತ್ತರಕ್ಕೆ. ಯಾರ ಮಾತು ಜೋರಾಯಿತೋ ಅವರ ಚಿಹ್ನೆಯನ್ನು ಕುಕ್ಕಪ್ಪ ನಿಷ್ಪಕ್ಷಪಾತವಾಗಿ ಸೇರಿಸುತ್ತ ಹೋದ. ಸಾಲುಗಳು ಸಿಡುಬು ಎದ್ದ ಮಗುವಿನ ಮೈಯಂತೆ ಕಂಡವು. ಊಟದ ಹೊತ್ತೂ ಮೀರಿ ಗಂಟೆ ಮೂರೂವರೆಯಾಯಿತು. ಸುಳ್ಯದ ಬಸ್ಸಿಗೆ ಇನ್ನು ಅರ್ಧ ಗಂಟೆ.

ಪರಮೇಶ್ವರನ ತಾಳ್ಮೆ ಹರಿಯಿತು. "ಕುಕ್ಕಪ್ಪಣ್ಣ, ಇವರು ಯಾರ ಮಾತೂ ಕೇಳ್ಬೇಡಿ! ಚುಕ್ಕೆಯಾ ಕಾಮಾವಾ ನೋಡ್ಬೇಡಿ, ಕಂಡದ್ದನ್ನೆಲ್ಲ ಕಿತ್ತು ತೆಗೀರಿ!"

"ಇಡೀ ಫ್ರೇಮಿನದ್ದಾ?" ಮೊಳೆಗಳನ್ನು ಬಿಗಿದ ಕಬ್ಬಿಣದ ಚೌಕಟ್ಟನ್ನು ಕುಕ್ಕಪ್ಪ ತೋರಿಸಿದ.

"ಇಡೀ ಫ್ರೇಮಿನದ್ದು! ಒಂದು ಉಳಿದ್ರೂ ನನ್ನ ಅನ್ನ ಹೋಯ್ತು!"

ಕುಕ್ಕಪ್ಪ ಚಿಮಟ ಹಿಡಿದು ಸರಸರ ಕಿತ್ತ. ಅವಸರದಲ್ಲಿ ಪರಮೇಶ್ವರ ಐದನೆಯ ಪ್ರಶ್ನೆಯೊಂದನ್ನೇ ನೋಡಿದ. ಒಂದು ಚುಕ್ಕೆಯೂ ಇರಲಿಲ್ಲ. ರವೂಫ್ ದಡದಡ ತುಳಿದು, ಕತ್ತರಿಸಿ, ಕಟ್ಟು ಕಟ್ಟಿಕೊಟ್ಟ.

ಸಂಜೆ ಹೆಡ್ಮಾಸ್ಟರು ಕನ್ನಡ ಪತ್ರಿಕೆಯನ್ನು ಮೇಲಿಂದ ಕೆಳಗೆ ಓದಿದರು. "ಇಡೀ ಪತ್ರಿಕೆಗೇ ಮಕ್ಕಳು ಚಿಹ್ನೆ ಹಾಕ್ಬೇಕಾ? ಚಂದ ಉಂಟು" ಎಂದು ಖಾಯಂ ಮಾಡುವ ಕಾಗದ ಹತ್ತಿರಕ್ಕೆ ಎಳೆದು ಪೆನ್ನಿನ ಮುಚ್ಚಳ ತೆಗೆದರು. ಆಗ ಕಟ್ಟಿನಲ್ಲಿ ಅಡಿಯಲ್ಲಿದ್ದ ಇನ್ನೊಂದು ಪತ್ರಿಕೆ ಅವರ ಕಣ್ಣಿಗೆ ಬಿತ್ತು. ಪರಮೇಶ್ವರನೇ ವಾರದ ಹಿಂದೆ ಪ್ರೂಫ್ ತಿದ್ದಿ ಕೊಟ್ಟಿದ್ದ ವಿಜ್ಞಾನದ್ದು. ಕಾಗದ ಉಳಿಸಲು ಕುಕ್ಕಪ್ಪ ಎರಡನ್ನೂ ಅಕ್ಕಪಕ್ಕ ಒಂದೇ ಫ್ರೇಮಿನಲ್ಲಿ ಬಿಗಿದಿದ್ದ.

ಹೆಡ್ಮಾಸ್ಟರು ಗಟ್ಟಿಯಾಗಿ ಓದಿದರು: "'ಆರೋಗ್ಯವಂತ ಮನುಷ್ಯನ ಮೈ ಬಿಸಿ ೯೮೪ ಡಿಗ್ರಿ ಫ್ಯಾರನ್‌ಹೀಟ್ ಇದನ್ನು ಸೆಂಟಿಗ್ರೇಡಿಗೆ ಬದಲಾಯಿಸಿರಿ'. ಪರಮೇಶ್ವರರೆ, ಇವ ಸೆಂಟಿಗ್ರೇಡಿನವರೆಗೆ ಬದುಕಿ ಉಳೀತಾನಾ?"

ಪರಮೇಶ್ವರ ಬಗ್ಗಿ ಆ ಸಾಲು ನೋಡಿದ: ೯೮ರ ಮುಂದಿನ ಚುಕ್ಕೆಯೂ ಹಾರಿತ್ತು.

ಹೆಡ್ಮಾಸ್ಟರು ಖಾಯಂ ಮಾಡುವ ಕಾಗದವನ್ನು ಡ್ರಾಯರಿಗೆ ಹಾಕಿ ಬೀಗ ಎಳೆದರು. ತೆರೆದ ಪೆನ್ನನ್ನು ಪರಮೇಶ್ವರನ ಕೈಗೆ ಕೊಟ್ಟರು.

"ನೂರೆಂಬತ್ತು ಪ್ರತಿ ಉಂಟು. ಕೂತು ಚುಕ್ಕೆ ಹಾಕಿ. ಕನ್ನಡದ್ದಕ್ಕೆ ಹಾಕ್ಬೇಡಿ."